ಗೋಡೆ ಹತ್ತಿದ ಖಲೀಫಾ ಮತ್ತು ಕದ್ದಾಲಿಸುವ ಸರಕಾರ



ಅಮೀರುಲ್ ಮುಅ್‌ಮಿನೀನ್ ಹಝ್ರತ್ ಉಮರ್(ರ)ರವರು ರಾತ್ರಿ ಹೊತ್ತು ಮದೀನಾದ ಬೀದಿಗಳಲ್ಲಿ ಗಸ್ತು ತಿರುಗುತ್ತಿದ್ದರೆಂಬುದು ನಿಮಗೆ ಗೊತ್ತು. ಹಸಿದವರು ಯಾರು, ಅಳುವವರು ಯಾರು, ದಾರಿ ತಪ್ಪಿದವರು ಯಾರು ಎಂಬುದನ್ನು ಸ್ವತಃ ಕಂಡು ತಿಳಿಯುವುದು ಅವರ ರೂಢಿಯಾಗಿತ್ತು. ಒಂದು ರಾತ್ರಿ ಒಂದು ಮನೆಯೊಳಗಿಂದ ಹಾಡಿನ ಸದ್ದು ಕೇಳಿಸಿತು. ಸಂಶಯಗೊಂಡ ಅವರು ಗೋಡೆ ಹತ್ತಿ ಒಳಗೆ ಇಳಿದರು. ನೋಡಿದರೆ ಆ ಮನೆಯವನ ಮುಂದೆ ಮದ್ಯವಿದೆ. ಖಲೀಫಾರು ಅವನನ್ನು ಗದರಿಸಿದರು.

ಆ ಮನುಷ್ಯ ಕೊಟ್ಟ ಉತ್ತರವನ್ನು ನೋಡಿ. ಅಮೀರುಲ್ ಮುಅ್‌ಮಿನೀನ್‌ರೇ, ದುಡುಕಬೇಡಿ. ನಾನು ಅಲ್ಲಾಹನ ಒಂದು ಆಜ್ಞೆಯನ್ನು ಮೀರಿದ್ದೇನೆ, ತಾವಾದರೋ ಮೂರನ್ನು ಮೀರಿದ್ದೀರಿ ಎಂದ. ಪರರ ಗುಟ್ಟನ್ನು ಕೆದಕಬಾರದೆಂದು ಅಲ್ಲಾಹನು ಹೇಳಿದ್ದಾನೆ, ತಾವು ಕೆದಕಿದಿರಿ. ಮನೆಗಳಿಗೆ ಬಾಗಿಲಿನ ಮೂಲಕ ಬರಬೇಕೆಂದಿದ್ದಾನೆ, ತಾವು ಗೋಡೆ ಹತ್ತಿ ಬಂದಿರಿ. ಅನುಮತಿ ಕೇಳಿ, ಸಲಾಮ್ ಹೇಳಿ ಒಳಬರಬೇಕೆಂದಿದ್ದಾನೆ, ತಾವು ಎರಡನ್ನೂ ಮಾಡಲಿಲ್ಲ. ಖಲೀಫಾರು ಮೌನವಾದರು. ನಿನ್ನನ್ನು ಕ್ಷಮಿಸಿ ಬಿಟ್ಟರೆ ಸುಧಾರಿಸಿಕೊಳ್ಳುವೆಯಾ ಎಂದು ಕೇಳಿದರು. ಹೌದೆಂದ. ಅವನನ್ನು ಅಲ್ಲೇ ಬಿಟ್ಟು ಹೊರಟು ಹೋದರು. ಇಮಾಮ್ ಗಝ್ಝಾಲಿಯವರ 'ಇಹ್ಯಾ ಉಲೂಮಿದ್ದೀನ್'ನಲ್ಲಿಯೂ ಉಲ್ಲೇಖವಾಗಿರುವ ಪ್ರಸಿದ್ಧ ಘಟನೆಯಿದು.

ಇದನ್ನು ನಾವು ಉಮರ್(ರ)ರವರ ವಿನಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಇನ್ನೂ ಒಂದು ಪಾಠವಿದೆ. ಮದ್ಯಪಾನ ಮಾಡುತ್ತಿದ್ದ ಒಬ್ಬ ಪಾಪಿಗೂ ತನ್ನ ಗೋಡೆಯ ಮೇಲೆ ಹಕ್ಕಿದೆ. ಅರ್ಧ ಜಗತ್ತನ್ನು ಆಳುವ ಖಲೀಫಾರಿಗೂ ಬಾಗಿಲಿನ ಕಟ್ಟುಪಾಡು ಇದೆ. ಕಂಡದ್ದು ನಿಜವೇ ಆಗಿದ್ದರೂ ಕಂಡ ರೀತಿ ಸರಿಯಿಲ್ಲದಿದ್ದಾಗ ಅಧಿಕಾರಿ ಹಿಂದೆ ಸರಿಯಬೇಕಾಯಿತು.

ಇಂದಿನ ಸರಕಾರಗಳು ಗೋಡೆ ಹತ್ತಬೇಕಾಗಿಲ್ಲ. ಫೋನಿನ ತಂತಿ, ಸಮುದ್ರದಡಿಯ ಕೇಬಲ್ಲು, ಕಂಪೆನಿಗಳ ಕಂಪ್ಯೂಟರುಗಳು ಅವುಗಳಿಗೆ ಏಣಿಯಾಗಿವೆ. "ಭಯೋತ್ಪಾದಕರನ್ನು ಹಿಡಿಯಬೇಕು, ಅದಕ್ಕಾಗಿ ಯಾರನ್ನೂ ಕೇಳದೆ ಎಲ್ಲರ ಮಾತನ್ನೂ ಆಲಿಸಬೇಕು" ಎಂಬ ವಾದ ಜಗತ್ತಿನಾದ್ಯಂತ ಕೇಳಿಬರುತ್ತಿದೆ. ಈ ವಾದವನ್ನು ಒಬ್ಬ ಸತ್ಯವಿಶ್ವಾಸಿಯು ಹೇಗೆ ತೂಗಿ ನೋಡಬೇಕು?

ಅಮೆರಿಕದಲ್ಲಿ ನಡೆದದ್ದೇನು?

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3 ಸಾವಿರ ನಿರಪರಾಧಿಗಳ ಹತ್ಯೆಯಾಯಿತು. ಅದು ಮಹಾಪಾತಕ. ಒಂದು ಜೀವವನ್ನು ಅನ್ಯಾಯವಾಗಿ ಕೊಲ್ಲುವುದು ಇಡೀ ಮಾನವಕುಲವನ್ನು ಕೊಂದಂತೆ ಎಂದು ಅಲ್ ಮಾಇದಾ ಅಧ್ಯಾಯದ 32ನೆಯ ಸೂಕ್ತ ನಮಗೆ ಕಲಿಸುತ್ತದೆ. ಆ ಹಂತಕರು ಯಾವ ಘೋಷಣೆ ಕೂಗಿದ್ದರೂ ಈ ಮಾತಿನಲ್ಲಿ ಬದಲಾವಣೆಯಿಲ್ಲ. ತನ್ನ ಪ್ರಜೆಗಳನ್ನು ಕಾಪಾಡುವುದು ಯಾವುದೇ ಸರಕಾರದ ಕರ್ತವ್ಯ. ಕೊಲೆಗಾರರ ಜಾಡು ಹಿಡಿಯುವುದು ತಪ್ಪೆಂದು ಯಾರೂ ಹೇಳಲಾರರು.

ಆದರೆ ಮುಂದಿನ ತಿಂಗಳೇ, ಅಂದರೆ 2001ರ ಅಕ್ಟೋಬರದಲ್ಲಿ, ಅಧ್ಯಕ್ಷ ಜಾರ್ಜ್ ಬುಷ್‌ರು ಗುಟ್ಟಾಗಿ ಒಂದು ಆದೇಶಕ್ಕೆ ಸಹಿ ಹಾಕಿದರು. ಅಮೆರಿಕದೊಳಗಿರುವವರು ಹೊರದೇಶಗಳೊಂದಿಗೆ ಮಾಡುವ ಫೋನ್ ಕರೆ ಮತ್ತು ಇ-ಮೇಲ್‌ಗಳನ್ನು ನ್ಯಾಯಾಲಯದ ವಾರಂಟ್ ಇಲ್ಲದೆಯೇ ಆಲಿಸಲು ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಅಪ್ಪಣೆ ನೀಡಿದರು. ಒಂದು ತುದಿಯಲ್ಲಿ ಅಲ್‌ಖೈದಾ ನಂಟಿನ ಶಂಕೆಯಿರುವವನಿದ್ದರೆ ಸಾಕು ಎಂಬುದು ಅವರ ಸಮರ್ಥನೆ. ನಾಲ್ಕು ವರ್ಷ ಇದು ಜನರಿಗೆ ತಿಳಿಯಲಿಲ್ಲ. 2005ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಆ ಪತ್ರಿಕೆಯೂ ಸರಕಾರದ ಕೋರಿಕೆಯಂತೆ ಸುಮಾರು ಒಂದು ವರ್ಷ ಸುದ್ದಿಯನ್ನು ತಡೆಹಿಡಿದಿತ್ತು.

ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇರಲಿಲ್ಲವೇ? ಇತ್ತು. 1978ರಲ್ಲಿಯೇ ಗೂಢಚರ್ಯೆಗೆಂದು ಒಂದು ವಿಶೇಷ ಕಾಯಿದೆ ಬಂದಿತ್ತು. ಅದರನ್ವಯ ಗುಟ್ಟಾಗಿ ಕೂರುವ ಒಂದು ನ್ಯಾಯಾಲಯವಿತ್ತು. ಯಾರ ಮಾತನ್ನು ಏಕೆ ಆಲಿಸಬೇಕೆಂದು ಅಲ್ಲಿ ಹೇಳಬೇಕು, ನ್ಯಾಯಾಧೀಶರು ಒಪ್ಪಿದರೆ ವಾರಂಟ್ ಸಿಗುತ್ತದೆ. ಆ ನ್ಯಾಯಾಲಯ ತಿರಸ್ಕರಿಸಿದ ಅರ್ಜಿಗಳು ಬಹಳ ವಿರಳ. ತುರ್ತು ಇದ್ದರೆ ಮೊದಲು ಕದ್ದಾಲಿಸಿ, 72 ಗಂಟೆಗಳೊಳಗೆ ಅರ್ಜಿ ಹಾಕುವ ಅವಕಾಶವೂ ಆಗ ಇತ್ತು. ಅಂದರೆ ಬಾಗಿಲು ತೆರೆದೇ ಇತ್ತು, ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸರಕಾರ ಗೋಡೆಯನ್ನೇ ಆರಿಸಿಕೊಂಡಿತು. ಯುದ್ಧಕಾಲದಲ್ಲಿ ಅಧ್ಯಕ್ಷರಿಗೆ ವಿಶೇಷಾಧಿಕಾರವಿದೆ, ಭಯೋತ್ಪಾದಕರ ವಿರುದ್ಧ ಬಲಪ್ರಯೋಗಕ್ಕೆ ಸಂಸತ್ತೇ ಒಪ್ಪಿಗೆ ಕೊಟ್ಟಿದೆ, ನ್ಯಾಯಾಲಯಕ್ಕೆ ಹೋಗುತ್ತ ಕೂತರೆ ಹೊತ್ತು ಮೀರುತ್ತದೆ ಎಂಬುದು ಅದರ ಉತ್ತರವಾಗಿತ್ತು.

ಸರಕಾರದೊಳಗಿನವರಿಗೂ ಇದು ಸರಿಕಾಣಲಿಲ್ಲ ಎಂಬುದು ಗಮನಾರ್ಹ. 2004ರ ಮಾರ್ಚ್ 10ರ ರಾತ್ರಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಧ್ಯಕ್ಷರ ಕಡೆಯ ಇಬ್ಬರು ಹಿರಿಯ ಅಧಿಕಾರಿಗಳು ಈ ಕಾರ್ಯಕ್ರಮದ ಮುಂದುವರಿಕೆಗೆ ಒಪ್ಪಿಗೆ ಪಡೆಯಲು ಅಲ್ಲಿಗೇ ಹೋದರು. ರೋಗಶಯ್ಯೆಯಲ್ಲಿದ್ದ ಮನುಷ್ಯ ಒಪ್ಪಲಿಲ್ಲ. ಅವರ ಸ್ಥಾನದಲ್ಲಿ ಹೊಣೆ ಹೊತ್ತಿದ್ದ ಜೇಮ್ಸ್ ಕೋಮಿ ಕೂಡ ಒಪ್ಪಿರಲಿಲ್ಲ. ಇವರು ಯಾರೂ ಮುಸ್ಲಿಮರಲ್ಲ, ಮುಸ್ಲಿಮರ ಪರವೆಂದು ಹೆಸರಾದವರೂ ಅಲ್ಲ. ಆದರೂ ಕಾನೂನಿನ ಬೇಲಿಯನ್ನು ಕಾಯುವ ಹೊತ್ತಿನಲ್ಲಿ ನಿಂತರು. ಸತ್ಯ ಯಾರ ಬಳಿಯಿದ್ದರೂ ಒಪ್ಪಿಕೊಳ್ಳುವುದು ನಮ್ಮ ಧರ್ಮದ ಶಿಕ್ಷಣ.

2006ರ ಆಗಸ್ಟಿನಲ್ಲಿ ಡೆಟ್ರಾಯ್ಟ್‌ನ ನ್ಯಾಯಾಧೀಶೆ ಆನ್ನಾ ಡಿಗ್ಸ್ ಟೇಲರ್ ಈ ಕದ್ದಾಲಿಕೆ ಸಂವಿಧಾನಬಾಹಿರವೆಂದು ತೀರ್ಪಿತ್ತರು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅದರ ಕಾರಣ ವಿಚಿತ್ರವಾಗಿತ್ತು. ತಮ್ಮ ಮಾತನ್ನೇ ಕದ್ದಾಲಿಸಲಾಗಿದೆಯೆಂದು ದೂರುದಾರರು ಸಾಬೀತುಪಡಿಸಿಲ್ಲ, ಆದ್ದರಿಂದ ದಾವೆ ಹೂಡಲು ಅವರಿಗೆ ಅರ್ಹತೆಯಿಲ್ಲ ಎಂದಿತು. ಗುಟ್ಟಾಗಿ ನಡೆಯುವುದನ್ನು ಪ್ರಜೆ ಸಾಬೀತುಪಡಿಸುವುದಾದರೂ ಹೇಗೆ? 2008ರಲ್ಲಿ ಸಂಸತ್ತು ಹೊಸ ತಿದ್ದುಪಡಿ ತಂದು, ಹೊರದೇಶದವರನ್ನು ಗುರಿಯಾಗಿಸಿದ ಕದ್ದಾಲಿಕೆಗೆ ಪ್ರತಿಯೊಬ್ಬನ ಮೇಲೆ ಬೇರೆ ಬೇರೆ ವಾರಂಟ್ ಬೇಡವೆಂದಿತು. ಸರಕಾರಕ್ಕೆ ನೆರವಾದ ಫೋನ್ ಕಂಪೆನಿಗಳಿಗೆ ದಾವೆಗಳಿಂದ ರಕ್ಷಣೆಯನ್ನೂ ಕೊಟ್ಟಿತು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳಿಂದ, ಕೋಟ್ಯಂತರ ಸಾಮಾನ್ಯ ಅಮೆರಿಕನ್ನರು ಯಾರು ಯಾರಿಗೆ ಯಾವಾಗ ಫೋನ್ ಮಾಡಿದರೆಂಬ ಲೆಕ್ಕವನ್ನೂ ಸಂಗ್ರಹಿಸಲಾಗುತ್ತಿದೆಯೆಂದು ತಿಳಿಯಿತು. 2015ರಲ್ಲಿ ಕಾನೂನು ತಂದು ಆ ಸಾಮೂಹಿಕ ಸಂಗ್ರಹವನ್ನು ನಿಲ್ಲಿಸಲಾಯಿತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಖಾಸಗಿತನ ಮತ್ತು ನಾಗರಿಕ ಹಕ್ಕುಗಳ ಮೇಲ್ವಿಚಾರಣೆಗಾಗಿ ಅಮೆರಿಕ ಸರಕಾರದಲ್ಲೇ ಇರುವ ಮಂಡಳಿಯು 2014ರ ಜನವರಿಯಲ್ಲಿ ವರದಿ ನೀಡಿತು. ಫೋನ್ ಲೆಕ್ಕದ ಆ ಸಾಮೂಹಿಕ ಸಂಗ್ರಹದಿಂದ ಭಯೋತ್ಪಾದನೆಯ ತನಿಖೆಯೊಂದರ ಫಲಿತಾಂಶ ಖಚಿತವಾಗಿ ಬದಲಾದ ಒಂದೇ ಒಂದು ಪ್ರಕರಣವೂ ತನಗೆ ಕಾಣಲಿಲ್ಲವೆಂದು ಅದು ಹೇಳಿತು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟಿದ್ದಾಯಿತು. ಇಲಿ ಮಾತ್ರ ಸಿಗಲಿಲ್ಲ.

ಪ್ರವಾದಿವರ್ಯರ(ಸ) ಮಾದರಿ

ಹಾಗಾದರೆ ಇಸ್ಲಾಮ್ ಭದ್ರತೆಯ ವಿಷಯದಲ್ಲಿ ಕಣ್ಣು ಮುಚ್ಚಿ ಕೂರಲು ಹೇಳುತ್ತದೆಯೇ? ಖಂಡಿತ ಇಲ್ಲ. ಮಕ್ಕಾ ವಿಜಯಕ್ಕೆ ಮುನ್ನ, ಹಿಜರಿ 8ರಲ್ಲಿ ನಡೆದ ಘಟನೆಯನ್ನು ನೆನಪಿಸಿಕೊಳ್ಳಿ. ಬದ್ರ್‌ನಲ್ಲಿ ಭಾಗವಹಿಸಿದ್ದ ಹಾತಿಬ್ ಬಿನ್ ಅಬೀ ಬಲ್‌ತಅ(ರ) ಮುಸ್ಲಿಮರ ಸೇನೆಯ ಸಿದ್ಧತೆಯನ್ನು ಕುರೈಶರಿಗೆ ತಿಳಿಸುವ ಪತ್ರವೊಂದನ್ನು ಒಬ್ಬಾಕೆಯ ಕೈಯಲ್ಲಿ ಕಳುಹಿಸಿದರು. ಅಲ್ಲಾಹನು ಪ್ರವಾದಿವರ್ಯರಿಗೆ(ಸ) ಅದನ್ನು ತಿಳಿಸಿದನು. ಅವರು ಅಲೀ(ರ) ಮತ್ತು ಸಂಗಡಿಗರನ್ನು ಕರೆದು, ರೌದಾ ಖಾಖ್ ಎಂಬ ಜಾಗದಲ್ಲಿ ಒಬ್ಬ ಸ್ತ್ರೀ ಸಿಗುತ್ತಾಳೆ, ಆಕೆಯ ಬಳಿ ಪತ್ರವಿದೆ, ತನ್ನಿ ಎಂದರು. ಪತ್ರ ಆಕೆಯ ಜಡೆಯಲ್ಲಿ ಸಿಕ್ಕಿತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವೃತ್ತಾಂತವಿದೆ.

ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಒಂದು, ಖಚಿತವಾದ ಮಾಹಿತಿಯಿತ್ತು. ಎರಡು, ಜಾಗ, ವ್ಯಕ್ತಿ, ವಸ್ತು ಎಲ್ಲವೂ ನಿಗದಿಯಾಗಿತ್ತು. ಮಕ್ಕಾದ ದಾರಿ ಹಿಡಿದ ಪ್ರತಿಯೊಬ್ಬ ಪ್ರಯಾಣಿಕನ ಗಂಟು ಬಿಚ್ಚಿಸಲಿಲ್ಲ. ಮದೀನಾದ ಪ್ರತಿ ಮನೆಯ ಪತ್ರಗಳನ್ನು ಓದಲಿಲ್ಲ. ಮೂರು, ಪತ್ರ ಸಿಕ್ಕ ಮೇಲೂ ಪ್ರವಾದಿವರ್ಯರು(ಸ) ಹಾತಿಬ್‌ರನ್ನು ಕರೆಸಿ, ಏಕೆ ಹೀಗೆ ಮಾಡಿದೆಯೆಂದು ಕೇಳಿದರು. ಮಕ್ಕಾದಲ್ಲಿ ಉಳಿದಿದ್ದ ತನ್ನ ಕುಟುಂಬಕ್ಕೆ ರಕ್ಷಣೆ ಸಿಗಲೆಂದು ಬರೆದೆ, ಧರ್ಮ ಬಿಟ್ಟು ಬರೆದದ್ದಲ್ಲ ಎಂದು ಅವರು ಹೇಳಿದರು. ಉಮರ್(ರ) ಶಿಕ್ಷೆಗೆ ಅನುಮತಿ ಕೇಳಿದರೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಆರೋಪಿಯ ಮಾತು ಕೇಳಲಾಯಿತು, ನಂಬಲಾಯಿತು.

ಇಂದಿನ ಭಾಷೆಯಲ್ಲಿ ವಾರಂಟ್ ಎಂದರೆ ಇಷ್ಟೇ: ಆಧಾರವೇನು, ಯಾರು, ಎಲ್ಲಿ, ಏನನ್ನು ಹುಡುಕುವುದು ಎಂದು ಮೊದಲೇ ಒಬ್ಬ ನ್ಯಾಯಾಧೀಶನೆದುರು ಹೇಳುವುದು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ನಾಲ್ಕನೆಯ ತಿದ್ದುಪಡಿಯು ಇದನ್ನೇ ಕಡ್ಡಾಯಗೊಳಿಸಿತು. ಬ್ರಿಟಿಷರ ಅಧಿಕಾರಿಗಳು ಹೆಸರಿಲ್ಲದ ವಾರಂಟ್ ಹಿಡಿದು ಯಾರ ಮನೆಗೆ ಬೇಕಾದರೂ ನುಗ್ಗುತ್ತಿದ್ದ ಕಹಿ ಅನುಭವ ಅವರಿಗಿತ್ತು.

ನಮ್ಮ ಪೂರ್ವಿಕ ವಿದ್ವಾಂಸರು ಈ ವಿಷಯವನ್ನು ಅಸ್ಪಷ್ಟವಾಗಿ ಬಿಡಲಿಲ್ಲ. ಅಬ್ದುಲ್ಲಾ ಬಿನ್ ಮಸ್‌ಊದ್(ರ)ರ ಬಳಿ ಒಬ್ಬನನ್ನು ತೋರಿಸಿ, ಇವನ ಗಡ್ಡದಿಂದ ಮದ್ಯ ತೊಟ್ಟಿಕ್ಕುತ್ತದೆ ಎಂದು ದೂರಲಾಯಿತು. ಗುಟ್ಟು ಕೆದಕುವುದನ್ನು ನಮಗೆ ನಿಷೇಧಿಸಲಾಗಿದೆ, ಆದರೆ ತಪ್ಪು ತಾನಾಗಿ ನಮ್ಮ ಮುಂದೆ ಪ್ರಕಟವಾದರೆ ಕ್ರಮ ಕೈಗೊಳ್ಳುತ್ತೇವೆ ಎಂಬರ್ಥದಲ್ಲಿ ಅವರು ಉತ್ತರಿಸಿದರೆಂದು ಅಬೂದಾವೂದ್‌ನಲ್ಲಿದೆ. ಇಮಾಮ್ ಮಾವರ್ದಿಯವರು 'ಅಲ್ ಅಹ್‌ಕಾಮುಸ್ಸುಲ್ತಾನಿಯ್ಯ'ದಲ್ಲಿ ಅಧಿಕಾರಿಯು ಮರೆಯಲ್ಲಿರುವ ಪಾಪಗಳನ್ನು ಕೆದಕಬಾರದೆಂದು ಹೇಳಿ, ಒಂದು ವಿನಾಯಿತಿ ಕೊಡುತ್ತಾರೆ. ಒಬ್ಬನನ್ನು ಕೊಲ್ಲಲು ಏಕಾಂತಕ್ಕೆ ಕರೆದೊಯ್ಯಲಾಗಿದೆಯೆಂದು ನಂಬಿಗಸ್ತನೊಬ್ಬ ಬಂದು ಹೇಳಿದರೆ, ಮತ್ತೆ ಸರಿಪಡಿಸಲಾಗದ ಹಾನಿಯನ್ನು ತಡೆಯಲು ಹುಡುಕಬಹುದು. ಸಾವಿರ ವರ್ಷಗಳ ಹಿಂದಿನ ಈ ಮಾತಿನಲ್ಲಿ ಎರಡು ಷರತ್ತುಗಳಿವೆ: ಸುದ್ದಿ ನಂಬಲರ್ಹವಾಗಿರಬೇಕು, ಹಾನಿ ಪ್ರಾಣ-ಮಾನದಂಥ ದೊಡ್ಡದಾಗಿರಬೇಕು. ಬಾಂಬಿಡುವ ಸಂಚಿನ ನಂಬಲರ್ಹ ಸುದ್ದಿ ಸಿಕ್ಕಿದಾಗ ಸರಕಾರ ಹುಡುಕಲೇಬೇಕು. ಸುದ್ದಿಯೇ ಇಲ್ಲದೆ, ಸಿಗಬಹುದೆಂದು ಊರನ್ನೆಲ್ಲ ಜಾಲಾಡುವುದಕ್ಕೆ ಈ ವಿನಾಯಿತಿಯಲ್ಲಿ ಜಾಗವಿಲ್ಲ.

ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ

ಅಲ್ ಹುಜುರಾತ್ ಅಧ್ಯಾಯದ 12ನೆಯ ಸೂಕ್ತದಲ್ಲಿ ಅಲ್ಲಾಹನು ಮೂರು ಕೆಡುಕುಗಳನ್ನು ಸಾಲಾಗಿ ನಿಷೇಧಿಸಿದ್ದಾನೆ. ಮೊದಲು ಸಂಶಯ, ಬಳಿಕ ಗುಟ್ಟು ಕೆದಕುವುದು, ಕೊನೆಗೆ ಪರದೂಷಣೆ. ಈ ಕ್ರಮವನ್ನು ನೋಡಿ. ಸಂಶಯ ಮನಸ್ಸಿಗೆ ಬಂದರೆ ಕೈ ಕೆದಕಲು ಹೋಗುತ್ತದೆ. ಕೆದಕಿ ಸಿಕ್ಕಿದ್ದನ್ನು ನಾಲಿಗೆ ಹರಡುತ್ತದೆ. ವ್ಯಕ್ತಿಗೆ ಅನ್ವಯವಾಗುವ ಈ ಸತ್ಯ ಸರಕಾರಕ್ಕೂ ಅನ್ವಯವಾಗುತ್ತದೆ.

ಮಾರ್ಟಿನ್ ಲೂಥರ್ ಕಿಂಗ್‌ರ ಉದಾಹರಣೆ ನೋಡಿ. ಕರಿಯರ ಸಮಾನ ಹಕ್ಕಿಗಾಗಿ ಅಹಿಂಸೆಯ ಹೋರಾಟ ನಡೆಸಿದ ಆ ಧರ್ಮಬೋಧಕರ ಸುತ್ತ ಕಮ್ಯುನಿಸ್ಟರಿದ್ದಾರೆಂಬ ಸಂಶಯದಿಂದ 1963ರ ಅಕ್ಟೋಬರದಲ್ಲಿ ಅವರ ಫೋನ್ ಕದ್ದಾಲಿಸಲು ಎಫ್‌ಬಿಐಗೆ ಅಪ್ಪಣೆ ಸಿಕ್ಕಿತು. ಅಲ್ಲಿಂದ ಶುರುವಾದ ಗೂಢಚರ್ಯೆ ಅವರು ತಂಗಿದ್ದ ಹೋಟೆಲ್ ಕೋಣೆಗಳಿಗೂ ನುಗ್ಗಿತು. 1964ರಲ್ಲಿ ಅವರ ಖಾಸಗಿ ಬದುಕಿನ ಧ್ವನಿಮುದ್ರಣವನ್ನೂ, ಆತ್ಮಹತ್ಯೆಗೆ ಪ್ರೇರೇಪಿಸುವಂತಿದ್ದ ಅನಾಮಧೇಯ ಪತ್ರವನ್ನೂ ಅವರಿಗೆ ಕಳುಹಿಸಲಾಯಿತು. 1975ರಲ್ಲಿ ರಚನೆಯಾದ ಸೆನೆಟ್ ಸಮಿತಿ ಇದನ್ನೆಲ್ಲ ಬಯಲಿಗೆ ತಂದಿತು. 1978ರ ಆ ಕಾಯಿದೆ ಹುಟ್ಟಿದ್ದೇ ಇಂಥ ಅನ್ಯಾಯಗಳ ಹಿನ್ನೆಲೆಯಲ್ಲಿ. ದೇಶರಕ್ಷಣೆಗೆಂದು ಕೊಟ್ಟ ಕಿವಿ ಒಬ್ಬ ಸಜ್ಜನನ ಕೊರಳಿಗೆ ಉರುಳಾಗಲು ಒಂದೇ ವರ್ಷ ಸಾಕಾಯಿತು.

2001ರ ಬಳಿಕ ಈ ಕಣ್ಣು ಮುಸ್ಲಿಮರತ್ತ ತಿರುಗಿತು. ನ್ಯೂಯಾರ್ಕ್ ಪೊಲೀಸರ ಒಂದು ವಿಶೇಷ ವಿಭಾಗವು ಮುಸ್ಲಿಮರ ಮಸೀದಿ, ಅಂಗಡಿ, ಹೋಟೆಲು, ವಿದ್ಯಾರ್ಥಿ ಸಂಘಗಳ ಪಟ್ಟಿ ಮಾಡಿ ಅಲ್ಲಿನ ಮಾತುಕತೆಗಳನ್ನು ಬರೆದಿಡುತ್ತಿತ್ತು. 2011ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇದನ್ನು ಹೊರಗೆಡಹಿತು. ಆರು ವರ್ಷಗಳ ಅವಧಿಯಲ್ಲಿ ಆ ವಿಭಾಗದ ಕೆಲಸದಿಂದ ಭಯೋತ್ಪಾದನೆಯ ಒಂದು ತನಿಖೆಯೂ ಆರಂಭವಾಗಲಿಲ್ಲವೆಂದು ಪೊಲೀಸ್ ಅಧಿಕಾರಿಯೇ 2012ರಲ್ಲಿ ಪ್ರಮಾಣಪೂರ್ವಕ ಹೇಳಿಕೆಯಲ್ಲಿ ಒಪ್ಪಿಕೊಂಡರು. 2014ರಲ್ಲಿ ಅದನ್ನು ಮುಚ್ಚಲಾಯಿತು.

ಕ್ಯಾಲಿಫೋರ್ನಿಯಾದ ಅರ್ವೈನ್ ಎಂಬಲ್ಲಿ ನಡೆದದ್ದು ಇನ್ನೂ ವಿಚಿತ್ರ. 2006ರಲ್ಲಿ ಎಫ್‌ಬಿಐಯ ಒಬ್ಬ ಮಾಹಿತಿದಾರ ಹೊಸ ಮುಸ್ಲಿಮನ ವೇಷದಲ್ಲಿ ಮಸೀದಿಗೆ ಬಂದ. ನಮಾಝಿನ ಸಾಲಿನಲ್ಲಿ ನಿಂತ, ಗೆಳೆತನ ಬೆಳೆಸಿದ, ಮಾತುಗಳನ್ನು ಗುಟ್ಟಾಗಿ ಮುದ್ರಿಸಿಕೊಂಡ. ಕೊನೆಗೆ ಹಿಂಸೆಯ ಮಾತು ತೆಗೆದ. ಅಲ್ಲಿನ ಮುಸ್ಲಿಮರು ಏನು ಮಾಡಿದರು? ಗಾಬರಿಯಾಗಿ, ಇವನು ಅಪಾಯಕಾರಿ ಎಂದು ಎಫ್‌ಬಿಐಗೇ ದೂರು ಕೊಟ್ಟರು. ಅವನು ಮಸೀದಿಗೆ ಕಾಲಿಡದಂತೆ ನ್ಯಾಯಾಲಯದಿಂದ ಆದೇಶ ತಂದರು. ಆ ಜನರ ಬಗ್ಗೆ ಸರಕಾರಕ್ಕೆ ಬೇಕಾಗಿದ್ದ ಪುರಾವೆ ಇದಕ್ಕಿಂತ ದೊಡ್ಡದೇನಿದೆ? ಅವರು ಹೂಡಿದ ದಾವೆ ಅಮೆರಿಕದ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. 2022ರ ಮಾರ್ಚಿನಲ್ಲಿ ಆ ನ್ಯಾಯಾಲಯ ಸರಕಾರದ ಗುಟ್ಟಿನ ಹಕ್ಕಿನ ಬಗ್ಗೆ ತೀರ್ಪು ಕೊಟ್ಟು, ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಇದರಿಂದಾಗುವ ನಷ್ಟ ಯಾರಿಗೆ? ಪಕ್ಕದಲ್ಲಿ ನಮಾಝಿಗೆ ನಿಂತವನು ಗೂಢಚಾರನಿರಬಹುದೆಂದು ಅನಿಸಿದ ದಿನ ಸಲಾಮ್ ಬಾಯಿಯಿಂದ ಬಂದರೂ ಎದೆಯಿಂದ ಬರುವುದಿಲ್ಲ. ಹೊಸದಾಗಿ ಇಸ್ಲಾಮಿಗೆ ಬಂದವನನ್ನು ಅಪ್ಪಿಕೊಳ್ಳುವ ಬದಲು ಅಳೆದು ನೋಡುತ್ತಾರೆ. ಯುವಕನೊಬ್ಬ ತನ್ನ ಮನಸ್ಸಿನ ಗೊಂದಲವನ್ನು ಉಸ್ತಾದರ ಮುಂದೆ ಬಿಚ್ಚಿಡಲು ಹೆದರುತ್ತಾನೆ. ಗೊಂದಲ ಹೊತ್ತ ಯುವಕ ಹಿರಿಯರ ಮುಂದೆ ಬಾಯಿ ಬಿಡದಿದ್ದರೆ, ಅವನ ಕಿವಿಯನ್ನು ಹುಡುಕಿಕೊಂಡು ಬರುವವರು ಯಾರೆಂದು ಹೇಳಬೇಕಾಗಿಲ್ಲ. ಆಡಳಿತಗಾರನು ಪ್ರಜೆಗಳಲ್ಲಿ ಸಂಶಯವನ್ನೇ ಹುಡುಕತೊಡಗಿದರೆ ಅವರನ್ನು ಕೆಡಿಸಿಬಿಡುತ್ತಾನೆ ಎಂಬ ಆಶಯದ ಪ್ರವಾದಿವಚನ ಅಬೂದಾವೂದ್‌ನಲ್ಲಿದೆ. ಮುಆವಿಯಾ(ರ) ಇಂಥದೇ ಮಾತನ್ನು ಪ್ರವಾದಿವರ್ಯರಿಂದ(ಸ) ನೇರವಾಗಿ ಕೇಳಿದ್ದರು. ಆ ಮಾತು ಅವರಿಗೆ ಬಹಳ ಉಪಕಾರವಾಯಿತೆಂದು ಅಬುದ್ದರ್ದಾ(ರ) ಹೇಳುತ್ತಿದ್ದರು.

"ನನ್ನಲ್ಲಿ ಅಡಗಿಸುವುದೇನಿದೆ?"

ನಮ್ಮವರಲ್ಲೇ ಕೆಲವರು ಕೇಳುತ್ತಾರೆ: ತಪ್ಪು ಮಾಡದವನಿಗೆ ಭಯವೇಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇಕೆ?

ಈ ಪ್ರಶ್ನೆಗೆ ಪ್ರವಾದಿವರ್ಯರ(ಸ) ಮನೆಯ ಬಾಗಿಲಲ್ಲೇ ಉತ್ತರವಿದೆ. ಒಬ್ಬನು ಅವರ ಕೋಣೆಯ ರಂಧ್ರದಿಂದ ಒಳಗೆ ಇಣುಕಿದ. ಆಗ ಪ್ರವಾದಿವರ್ಯರ(ಸ) ಕೈಯಲ್ಲಿ ತಲೆ ಬಾಚುವ ಕಡ್ಡಿಯಿತ್ತು. ನೀನು ಇಣುಕುತ್ತಿದ್ದೆಯೆಂದು ಗೊತ್ತಾಗಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆ ಎಂದು ಅವರು ಎಚ್ಚರಿಸಿ, ಅನುಮತಿ ಕೇಳುವ ವಿಧಿ ಬಂದಿರುವುದೇ ಕಣ್ಣಿನ ಕಾರಣದಿಂದ ಎಂದು ತಿಳಿಸಿದರು. ಬುಖಾರಿಯಲ್ಲಿ ಬಂದಿರುವ ಹದೀಸ್ ಇದು. ಪ್ರವಾದಿವರ್ಯರ(ಸ) ಮನೆಯಲ್ಲಿ ಅಡಗಿಸಬೇಕಾದ ಯಾವ ಪಾಪವಿತ್ತು? ಏನೂ ಇರಲಿಲ್ಲ. ಪಾಪವಿಲ್ಲದ ಮನೆಗೂ ಬಾಗಿಲು ಬೇಕು. ಗಂಡ ಹೆಂಡಿರ ಮಾತು, ಸಾಲದ ಸಂಕಟ, ಮಗಳ ಮದುವೆಯ ಚಿಂತೆ, ರೋಗದ ಗುಟ್ಟು ಇವೆಲ್ಲ ಅಪರಾಧಗಳೇನಲ್ಲ, ಆದರೂ ಬೀದಿಯಲ್ಲಿ ಹರವಿಡುವಂಥವೂ ಅಲ್ಲ.

ಅಲ್ಲಾಹನು ಎಲ್ಲವನ್ನೂ ಕಾಣುತ್ತಾನಲ್ಲ, ಮನುಷ್ಯರು ಕಂಡರೇನು ಎಂದು ಕೇಳುವವರೂ ಇದ್ದಾರೆ. ಹೌದು, ಅಲ್ಲಾಹನು ಕಾಣುತ್ತಾನೆ, ಬರೆದಿಡುವ ಗೌರವಾನ್ವಿತ ಮಲಕ್‌ಗಳೂ ಇದ್ದಾರೆ. ಆದರೆ ಅವನು ಕಂಡೂ ಮರೆಮಾಡುವವನು, ಪಶ್ಚಾತ್ತಾಪಪಟ್ಟರೆ ಅಳಿಸುವವನು. ಅವನ ಜ್ಞಾನದಲ್ಲಿ ತಪ್ಪಿಲ್ಲ, ಅವನ ತೀರ್ಪಿನಲ್ಲಿ ಪಕ್ಷಪಾತವಿಲ್ಲ. ಸರಕಾರದ ಕಡತಕ್ಕೆ ಈ ಗುಣಗಳೊಂದೂ ಇಲ್ಲ. ಒಮ್ಮೆ ಬರೆದ ಸಂಶಯವನ್ನು ಅದು ಅಳಿಸುವುದಿಲ್ಲ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಬೇರೊಬ್ಬನ ಅಪರಾಧ ನಿಮ್ಮ ತಲೆಗೆ ಬರುತ್ತದೆ. ಎಲ್ಲರ ಗುಟ್ಟನ್ನೂ ತಿಳಿದಿರುವುದು ಅಲ್ಲಾಹನಿಗೆ ಮಾತ್ರ ಒಪ್ಪುವ ಸ್ಥಾನ. ಮನುಷ್ಯನು ಅದರಲ್ಲಿ ಕೂರಲು ಹೊರಟರೆ ಅಹಂಕಾರವಾಗುತ್ತದೆ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಹೊಸದಲ್ಲ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಜೀನಾಮೆ ಕೊಡಬೇಕಾಯಿತು. ಫೋನ್ ಕದ್ದಾಲಿಕೆ ಖಾಸಗಿತನದ ಮೇಲಿನ ಗಂಭೀರ ಆಕ್ರಮಣವೆಂದು ಸುಪ್ರೀಮ್ ಕೋರ್ಟ್ 1996ರ ಡಿಸೆಂಬರದಲ್ಲಿ ಹೇಳಿ, ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಮತ್ತು ಪರಿಶೀಲನಾ ಸಮಿತಿಯ ಕಟ್ಟುಪಾಡು ವಿಧಿಸಿತು. ಆದರೂ ನಮ್ಮಲ್ಲಿ ಅಪ್ಪಣೆ ಕೊಡುವವರು ಸರಕಾರದ ಅಧಿಕಾರಿಗಳೇ, ನ್ಯಾಯಾಧೀಶರಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಒಬ್ಬ ಕನ್ನಡಿಗ ಎತ್ತಿದ ಪ್ರಶ್ನೆಯ ಫಲವನ್ನು ಇಂದು ದೇಶದ ಎಲ್ಲ ಧರ್ಮದವರೂ ಉಣ್ಣುತ್ತಿದ್ದಾರೆ.

ನಮ್ಮ ಮನೆಯೊಳಗಿನ ಕದ್ದಾಲಿಕೆ

ಓದುಗರೇ, ಇಲ್ಲಿಯವರೆಗೆ ಓದಿ ತಲೆದೂಗಿರಬಹುದು. ಸರಕಾರವನ್ನು ದೂರುವುದು ಸುಲಭ. ಈಗ ಅದೇ ತಕ್ಕಡಿಯಲ್ಲಿ ನಮ್ಮನ್ನು ಇಟ್ಟು ತೂಗೋಣ.

ಹೆಂಡತಿ ನಿದ್ರಿಸಿದ ಬಳಿಕ ಅವಳ ಮೊಬೈಲ್ ತೆಗೆದು ಸಂದೇಶ ಓದುವ ಗಂಡನಿಗೂ, ಗಂಡನ ಜೇಬು ಜಾಲಾಡುವ ಹೆಂಡತಿಗೂ ಈ ಸೂಕ್ತ ಅನ್ವಯವಾಗುವುದಿಲ್ಲವೇ? ಪ್ರಯಾಣದಿಂದ ಮರಳುವ ಪುರುಷನು ಮನೆಯವರ ತಪ್ಪು ಹಿಡಿಯುವ ಸಂಶಯದಿಂದ ರಾತ್ರಿ ಹಠಾತ್ತನೆ ಬಾಗಿಲು ತಟ್ಟುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ತನ್ನದೇ ಮನೆ, ತನ್ನದೇ ಹೆಂಡತಿ. ಆದರೂ ಸಂಶಯದ ಹೆಜ್ಜೆಗೆ ಅನುಮತಿಯಿಲ್ಲ. ಎಳೆಯ ಮಕ್ಕಳ ಮೇಲೆ ನಿಗಾ ಇಡುವುದು ತಂದೆತಾಯಿಯ ಹೊಣೆ. ಅದನ್ನು ಅವರಿಗೆ ತಿಳಿಸಿಯೇ, ಪ್ರೀತಿಯಿಂದ ಮಾಡಬಹುದು. ಕಳ್ಳನಂತೆ ಮಾಡಿದರೆ ಮಗನು ಕಲಿಯುವುದು ಇನ್ನೂ ಚೆನ್ನಾಗಿ ಅಡಗಿಸುವುದನ್ನೇ.

ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನೂ ಹುಡುಗಿಯೂ ಮಾತನಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಊರೆಲ್ಲ ಹಂಚುವ ಯುವಕರು ನಮ್ಮ ಜಮಾಅತ್‌ನಲ್ಲಿಲ್ಲವೇ? ಇತರರು ಹಾಗೆ ಮಾಡಿದಾಗ ಅನೈತಿಕ ಪೊಲೀಸ್‌ಗಿರಿ ಎಂದು ಕೂಗುವ ನಾವು, ನಮ್ಮವರು ಮಾಡಿದಾಗ ಧರ್ಮರಕ್ಷಣೆ ಎನ್ನುತ್ತೇವೆಯೇ? ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಅಲ್ ಮಾಇದಾದ 8ನೆಯ ಸೂಕ್ತದ ಆಶಯ. ಒಬ್ಬರ ಮೇಲಿನ ಪ್ರೀತಿಯೂ ನಮ್ಮನ್ನು ನ್ಯಾಯದಿಂದ ಸರಿಸಬಾರದು. ಸಹೋದರನ ಕೊರತೆಯನ್ನು ಮರೆಮಾಡಿದವನ ಕೊರತೆಯನ್ನು ಅಲ್ಲಾಹನು ಇಹದಲ್ಲೂ ಪರದಲ್ಲೂ ಮರೆಮಾಡುವನೆಂಬ ಶುಭವಾರ್ತೆ ನಮ್ಮ ಮುಂದಿರುವಾಗ, ಒಂದು ಬೆರಳಿನ ಒತ್ತಿನಲ್ಲಿ ಅದನ್ನು ಕಳಕೊಳ್ಳುವುದೇಕೆ?

ಇದರ ಮಗ್ಗುಲನ್ನೂ ಮರೆಯಬಾರದು. ಮರೆಮಾಡುವುದೆಂದರೆ ಕೊಲೆಗಾರನಿಗೆ ಆಶ್ರಯ ಕೊಡುವುದಲ್ಲ. ಒಬ್ಬನು ಜೀವಹಾನಿಯ ಸಂಚು ಮಾಡುತ್ತಿದ್ದಾನೆಂದು ನಿಮಗೆ ಖಚಿತವಾಗಿ ತಿಳಿದರೆ, ಅವನು ಸ್ವಂತ ತಮ್ಮನೇ ಆಗಿರಲಿ, ತಡೆಯುವುದು ನಿಮ್ಮ ಮೇಲೆ ಕಡ್ಡಾಯ. ನಿಮ್ಮಿಂದಾಗದಿದ್ದರೆ ಅಧಿಕಾರಿಗಳಿಗೆ ತಿಳಿಸಬೇಕು. ಅಕ್ರಮಿಯಾದ ಸಹೋದರನಿಗೂ ನೆರವಾಗಿರಿ ಎಂದು ಪ್ರವಾದಿವರ್ಯರು(ಸ) ಹೇಳಿದಾಗ ಅನುಚರರು ಅಚ್ಚರಿಪಟ್ಟರು. ಅಕ್ರಮದಿಂದ ಅವನ ಕೈ ಹಿಡಿದು ತಡೆಯುವುದೇ ಆ ನೆರವು ಎಂದು ಅವರು ವಿವರಿಸಿದರು. ಅರ್ವೈನಿನ ಮುಸ್ಲಿಮರು ಮಾಡಿದ್ದು ಇದನ್ನೇ. ಆದರೆ ನೆರೆಯವನ ಮೇಲಿನ ಹಗೆ ತೀರಿಸಲು ಪೊಲೀಸರ ಕಿವಿಗೆ ಸುಳ್ಳು ಸುದ್ದಿ ಊದುವುದು, ಕೇಳಿದ ವದಂತಿಯನ್ನು ಪರಿಶೀಲಿಸದೆ ದಾಟಿಸುವುದು ಮಹಾಪಾಪ. ಸುದ್ದಿ ತಂದವನು ನಂಬಲನರ್ಹನಾದರೆ ಮೊದಲು ವಿಚಾರಿಸಿ ನೋಡಬೇಕೆಂದು ಅದೇ ಅಲ್ ಹುಜುರಾತ್‌ನ 6ನೆಯ ಸೂಕ್ತ ಆಜ್ಞಾಪಿಸುತ್ತದೆ.

ಆದ್ದರಿಂದ ಸಹೋದರರೇ, ಭದ್ರತೆಯ ಹೆಸರಿನಲ್ಲಿ ಎಲ್ಲರ ಗೋಡೆ ಹತ್ತುವ ಸರಕಾರಕ್ಕೆ ಶಾಂತವಾಗಿ, ಕಾನೂನಿನ ದಾರಿಯಲ್ಲಿ, ಬಾಗಿಲಿನಿಂದ ಬನ್ನಿ ಎಂದು ಹೇಳೋಣ. ಆಧಾರವಿದ್ದರೆ ನ್ಯಾಯಾಧೀಶರ ಮುಂದಿಟ್ಟು ಬನ್ನಿ, ನಾವೇ ದೀಪ ಹಿಡಿಯುತ್ತೇವೆ ಎನ್ನೋಣ. ಮದ್ಯದ ಮುಂದೆ ಕೂತಿದ್ದ ಒಬ್ಬ ಸಾಮಾನ್ಯ ಪ್ರಜೆ ಖಲೀಫಾರ ಮುಖಕ್ಕೆ ಸತ್ಯ ಹೇಳಬಲ್ಲವನಾಗಿದ್ದ. ಅದನ್ನು ಕೇಳಿ ಮರಳಬಲ್ಲ ಖಲೀಫಾರೂ ಇದ್ದರು. ಆ ಸಮಾಜದ ಭದ್ರತೆ ಇದ್ದದ್ದು ಅಲ್ಲಿಯೇ. ಮತ್ತು ಇಂದು ರಾತ್ರಿ ನಮ್ಮ ಕೈ ಮನೆಯವರ ಮೊಬೈಲಿನತ್ತ ಹೋದರೆ, ನೆರೆಮನೆಯ ಮಾತಿಗೆ ಕಿವಿ ನಿಮಿರಿದರೆ, ಆ ಮೂರು ಆಜ್ಞೆಗಳನ್ನು ನೆನೆದು ಕೈಯನ್ನು ಹಿಂದಕ್ಕೆಳೆದುಕೊಳ್ಳೋಣ.

ಅಲ್ಲಾಹನು ನಮ್ಮ ನಾಡನ್ನೂ ಎಲ್ಲ ನಾಡುಗಳನ್ನೂ ಹಂತಕರ ಕೈಯಿಂದ ಕಾಪಾಡಲಿ. ಆಳುವವರ ಹೃದಯದಲ್ಲಿ ನ್ಯಾಯವನ್ನೂ ಆಳಿಸಿಕೊಳ್ಳುವವರ ಹೃದಯದಲ್ಲಿ ಧೈರ್ಯವನ್ನೂ ತುಂಬಲಿ. ನಮ್ಮ ಕೊರತೆಗಳನ್ನು ಇಹದಲ್ಲೂ ಪರದಲ್ಲೂ ಮರೆಮಾಡಲಿ. ಪರರ ಕೊರತೆಗಳನ್ನು ಮರೆಮಾಡುವ ಮನಸ್ಸನ್ನು ನಮಗೆ ದಯಪಾಲಿಸಲಿ. ಆಮೀನ್.